ಎರಡು ಗುಂಡುಗಳ ನಡುವೆ

ಮೊದಲ ದಿನ: ಸೆಪ್ಟೆಂಬರ್ 2, 2024, ಸೋಮವಾರ

ಬೆಳಿಗ್ಗೆ ಏಳು ಗಂಟೆಗೆ ಮೈಸೂರು ಬಿಟ್ಟಾಗ ಸಣ್ಣಗೆ ತುಂತುರು ಹನಿಯುತ್ತಿತ್ತು. ಹುಣಸೂರಿನ ಈ ದಾರಿಯನ್ನು ಎಷ್ಟು ಸಲ ಹಾದಿದ್ದೇನೆಂದು ಲೆಕ್ಕವಿಟ್ಟಿಲ್ಲ. ಆದರೆ 1966ರಿಂದ ಈಚೆಗೆ ನಾನು ಕೊಡಗಿಗೆ ಹೋದಾಗಲೆಲ್ಲ ದಾರಿಯ ಆ ತುದಿಯಲ್ಲಿ ನನಗಾಗಿ ಕಾದಿರುತ್ತಿದ್ದವನು ಒಬ್ಬನೇ ಗೆಳೆಯ, ಮತ್ತು ಅವನಿಲ್ಲದ ಕೊಡಗಿಗೆ ಹೋಗುತ್ತಿರುವುದು ಇದೇ ಮೊದಲು. ಕಳೆದ ನವೆಂಬರಿನಲ್ಲಿ, ಸುಗ್ಗಿಯ ಪುತ್ತರಿ ಹಬ್ಬಕ್ಕೆ ಕೆಲವೇ ದಿನಗಳಿರುವಾಗ, ಅವನು ತೀರಿಕೊಂಡ. ಆ ವಾರವಷ್ಟೇ ನನಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದ್ದರಿಂದ ಪ್ರಯಾಣ ಮಾಡುವಂತಿರಲಿಲ್ಲ. ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ, ಆಮೇಲಿನ ಉತ್ತರಕ್ರಿಯೆಯಾದ ಮಾದಕ್ಕೂ ಹೋಗಲಾಗಲಿಲ್ಲ.

ಸುದ್ದಿ ಬಂದದ್ದು ದೂರವಾಣಿಯಲ್ಲಿ, ಬೆಳಗಿನ ಜಾವ ಐದರ ಹೊತ್ತಿಗೆ. ಅವನ ಹೆಂಡತಿ "ಅಣ್ಣಾ" ಎಂದರು, ಮುಂದೆ ಮಾತು ಬರಲಿಲ್ಲ. ಆ ಮೌನದಲ್ಲಿ ಹಿಂದಿನಿಂದ ಒಂದು ಗುಂಡಿನ ಸದ್ದು ಕೇಳಿಸಿತು. ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಬೆನ್ನಿಗೆ ಇನ್ನೊಂದರಂತೆ ಎರಡು ಗುಂಡು. ಗುಡ್ಡದಾಚೆಯ ಮನೆಗಳವರು ಸದ್ದನ್ನು ಎಣಿಸಿಯೇ ಕೆಲಸ ಬಿಟ್ಟು ಹೊರಡುತ್ತಾರೆ. ಇದನ್ನು ನನಗೆ ಮೊದಲ ಭೇಟಿಯಲ್ಲೇ ಹೇಳಿಕೊಟ್ಟವನು ಅವನು. ಆದ್ದರಿಂದ ನಾನು ಎರಡನೆಯ ಗುಂಡಿಗಾಗಿ ಕಾದೆ. ಅದು ಕೂಡಲೇ ಬರಲಿಲ್ಲ. ಅದು ಬಂದಾಗ ಇಷ್ಟು ಹೊತ್ತು ಏಕೆ ಬೇಕಾಯಿತೆಂದು ಕೇಳುವ ಸಮಯ ಅದಾಗಿರಲಿಲ್ಲ. ಆದರೆ ಆ ನಡುವಿನ ಹೊತ್ತು ಹತ್ತು ತಿಂಗಳಿಂದ ನನ್ನ ಕಿವಿಯಲ್ಲೇ ಉಳಿದಿದೆ.

ಹುಣಸೂರು ದಾಟಿ ಆನೆಚೌಕೂರಿನ ತನಿಖಾ ಠಾಣೆ ಹಾದರೆ ಎರಡೂ ಬದಿಗೆ ನಾಗರಹೊಳೆಯ ಅಂಚಿನ ಕಾಡು. ಮತ್ತಿಗೋಡಿನ ಆನೆ ಶಿಬಿರ ಈ ದಾರಿಯಲ್ಲೇ ಇದೆ. ದಸರೆಯ ಅಂಬಾರಿ ಹೊರುವ ಅಭಿಮನ್ಯು ಆ ಶಿಬಿರದವನು. ಆಗಸ್ಟಿನಲ್ಲೇ ಗಜಪಯಣ ಹೊರಟು ಮೈಸೂರು ಸೇರಿದ್ದ. ಈ ಕಾಡು ಮೈಸೂರು ಅರಸರ ಬೇಟೆಗೆ ಮೀಸಲಾಗಿದ್ದ ಕಾಡು. 1955ರಲ್ಲಿ ವನ್ಯಧಾಮವಾಯಿತು, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕಬಿನಿ ಕಡೆಯ ಕಾಕನಕೋಟೆಯಲ್ಲಿ 1971ರಲ್ಲಿ ನಡೆದ ಕೊನೆಯ ಖೆಡ್ಡಾ, ಅಂದರೆ ಕಾಡಾನೆಗಳನ್ನು ಅಟ್ಟಿ ಹಿಡಿಯುವುದನ್ನು, ನೋಡಲು ನಾವಿಬ್ಬರೂ ಜೊತೆಯಾಗಿ ಹೋಗಿದ್ದೆವು. ಹೊಳೆಗಿಳಿಸಿದ ಆನೆಗಳ ಕೂಗನ್ನು ಅವನು ಬಹಳ ಹೊತ್ತು ಕೇಳಲಾರದೆ ಎದ್ದು ಬಂದುಬಿಟ್ಟ. ಬೇಟೆಗಾರನೊಬ್ಬ ಹಾಗೆ ಎದ್ದು ಬಂದದ್ದು ಆಗ ನನಗೆ ಅರ್ಥವಾಗಿರಲಿಲ್ಲ. ಕೇಳಿದ್ದಕ್ಕೆ, "ಅದಕ್ಕೆ ಓಡಿ ಹೋಗಲು ಒಂದು ದಾರಿಯನ್ನೂ ಬಿಟ್ಟಿಲ್ಲವಲ್ಲ ಮಾರಾಯ" ಎಂದಿದ್ದ.

ತಿತಿಮತಿ, ಗೋಣಿಕೊಪ್ಪ, ಪೊನ್ನಂಪೇಟೆಗಳನ್ನು ದಾಟಿ ಮಧ್ಯಾಹ್ನದ ಹೊತ್ತಿಗೆ ಅವನ ಊರು ತಲುಪಿದೆ. ಗದ್ದೆಗಳಲ್ಲಿ ನಾಟಿ ಮುಗಿದು ಪೈರು ಹಸಿರೇರಿತ್ತು. ಅಂಗಳದ ಕಲ್ಲಿನ ಮೆಟ್ಟಿಲ ಮೇಲೆ ಅವನ ಹೆಂಡತಿ, ಮಗಳು ಇಬ್ಬರೂ ನಿಂತಿದ್ದರು. "ಕಣ್ಣು ಹೇಗಿದೆ ಅಣ್ಣಾ?" ಎಂದು ಅವರು ಮೊದಲು ಕೇಳಿದ್ದು ಅದನ್ನೇ.

ರಾತ್ರಿ ಅವನ ಕೋಣೆಯಲ್ಲಿಯೇ ನನಗೆ ಹಾಸಿಗೆ ಹಾಸಿದ್ದರು. ಗೋಡೆಯ ಮೇಲೆ ಅವನ ಅಜ್ಜನ ಹಳೆಯ ಚಿತ್ರವಿದೆ: ಸತ್ತ ಹುಲಿಯನ್ನು ಕಂಬಕ್ಕೆ ತೂಗುಹಾಕಿದ್ದಾರೆ, ಪಕ್ಕದಲ್ಲಿ ಕೊಡವರ ನಿಲುವಂಗಿಯಾದ ಕುಪ್ಯ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ಅಜ್ಜ ಮದುಮಗನಂತೆ ಕುಳಿತಿದ್ದಾರೆ. ಅದು ನರಿಮಂಗಲ. ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ. ಹುಲಿ ಹೊಡೆದವನಿಗೆ ಮದುವೆಯ ಮರ್ಯಾದೆಯನ್ನೇ ಮಾಡಿ, ಊರವರು ಬಂದು ಅಕ್ಕಿ ಹಾಕಿ ಹರಸುತ್ತಿದ್ದರು. ಈ ಚಿತ್ರದ ಬಗ್ಗೆ ಹೆಮ್ಮೆ ಪಡಬೇಕೋ ದುಃಖಿಸಬೇಕೋ ತನಗೆ ಈಗಲೂ ತೀರ್ಮಾನವಾಗಿಲ್ಲವೆಂದು ಅವನು ಎಪ್ಪತ್ತು ದಾಟಿದ ಮೇಲೂ ಹೇಳುತ್ತಿದ್ದ, ಚಿತ್ರವನ್ನು ಮಾತ್ರ ಗೋಡೆಯಿಂದ ತೆಗೆಯಲಿಲ್ಲ.

ಎರಡನೆಯ ದಿನ: ಸೆಪ್ಟೆಂಬರ್ 3, ಮಂಗಳವಾರ

ಇಂದು ಕೈಲ್‌ಪೊಳ್ದ್, ಆಯುಧಗಳ ಹಬ್ಬ. ಮಳೆಗಾಲದ ಬೇಸಾಯ ಮುಗಿಯುವವರೆಗೆ ಕೋವಿ ಕತ್ತಿಗಳನ್ನು ಕನ್ನಿಕೋಂಬರೆಯಲ್ಲಿ, ಅಂದರೆ ಮನೆಯ ನೈಋತ್ಯ ಮೂಲೆಯ ಪೂಜೆಯ ಕೋಣೆಯಲ್ಲಿ, ಎತ್ತಿಟ್ಟಿರುತ್ತಾರೆ. ನಾಟಿ ಮುಗಿದ ಮೇಲೆ ಈ ದಿನ ಅವುಗಳನ್ನು ಹೊರತೆಗೆದು, ಒರೆಸಿ, ಎಣ್ಣೆ ಹಚ್ಚಿ, ಗಂಧವಿಟ್ಟು ಪೂಜಿಸುತ್ತಾರೆ. ನೇಗಿಲಿಗೂ ಉತ್ತ ಎತ್ತುಗಳಿಗೂ ಅಂದೇ ಪೂಜೆ. ಹಿಂದೆ ಬೇಟೆಯ ಕಾಲ ಶುರುವಾಗುತ್ತಿದ್ದುದೂ ಈ ಹಬ್ಬದ ನಂತರವೇ.

ಬೆಳಿಗ್ಗೆ ಮಗಳ ಜೊತೆ ತೋಕ್‌ಪೂ ತರಲು ಬೇಲಿಯ ಕಡೆ ಹೋದೆ. ತೋಕ್ ಎಂದರೆ ಕೋವಿ. ಕೋವಿಯ ಹೂವೆಂದೇ ಅದರ ಹೆಸರು. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದ ನನಗೆ ಅದು ಅಗ್ನಿಶಿಖೆ. ಬೆಂಕಿಯ ನಾಲಗೆಗಳಂತೆ ಮೇಲಕ್ಕೆ ಮಡಿಚಿಕೊಂಡ ಕೆಂಪು ಹಳದಿ ದಳಗಳು, ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದು ಮೇಲೇರುವ ಬಳ್ಳಿ, ಮೈಯೆಲ್ಲ ವಿಷ, ಗಡ್ಡೆಯಲ್ಲಂತೂ ಜೀವ ತೆಗೆಯುವಷ್ಟು ವಿಷ. ಮಳೆ ಹಿಂತೆಗೆಯುವ ಈ ದಿನಗಳಲ್ಲಿಯೇ ಅರಳುತ್ತದೆ. ಕೋವಿಯ ನಳಿಕೆಯ ಬಾಯಿಗೆ ಸಿಕ್ಕಿಸುವುದು ಈ ಹೂವನ್ನೇ. ಗಡ್ಡೆಯನ್ನು ಮಕ್ಕಳ ಕೈಗೆ ಕೊಡಬಾರದೆಂದು ನಾನು ಪ್ರತಿ ವರ್ಷ ಎಚ್ಚರಿಸುತ್ತಿದ್ದೆ. ಅವನು ಪ್ರತಿ ವರ್ಷ, ಮೊದಲ ಸಲ ಕೇಳಿದವನಂತೆ, ತಲೆಯಾಡಿಸುತ್ತಿದ್ದ.

ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಒಕ್ಕದವರೆಲ್ಲ, ಅಂದರೆ ಆ ಮನೆತನದವರೆಲ್ಲ, ಸೇರಿದ್ದರು. ದೀಪದ ಮುಂದೆ ಸಾಲಾಗಿ ಇಟ್ಟ ಕೋವಿಗಳಲ್ಲಿ ಅವನದನ್ನು ನಾನು ದೂರದಿಂದಲೇ ಗುರುತಿಸಿದೆ. ಹನ್ನೆರಡು ಬೋರಿನ ಜೋಡಿ ನಳಿಕೆಯ ತೋಟಾ ಕೋವಿ, ಅಕ್ರೋಟ ಮರದ ಹಿಡಿ, ಅವನ ಕೆನ್ನೆ ತಾಗಿ ತಾಗಿ ನುಣುಪಾದ ಒಂದು ಜಾಗ. ಹನ್ನೆರಡು ಬೋರೆಂದರೆ ಏನೆಂದು ವಿದ್ಯಾರ್ಥಿನಿಲಯದಲ್ಲಿ ಅವನು ನನಗೆ ಕಾಗದದ ಮೇಲೆ ಬರೆದು ತೋರಿಸಿದ್ದ: ಒಂದು ಪೌಂಡು ಸೀಸದಿಂದ ಒಂದೇ ಅಳತೆಯ ಹನ್ನೆರಡು ಗುಂಡುಗಳನ್ನು ಎರೆದರೆ, ಅದರಲ್ಲೊಂದು ಗುಂಡಿನ ಅಗಲವೇ ಆ ನಳಿಕೆಯ ಅಗಲ. ಹದಿನೆಂಟರ ಹುಡುಗನೊಬ್ಬ ಕೋವಿಯ ಬಗ್ಗೆ ಮಾತನಾಡುವಾಗ ಲೆಕ್ಕದ ಮೇಷ್ಟರಂತೆ ಗಂಭೀರನಾಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಾನು ತಿಪಟೂರು ಕಡೆಯ ಶುದ್ಧ ಸಸ್ಯಾಹಾರಿ ಮನೆಯವನು, ಅವನು ಎನ್.ಸಿ.ಸಿ.ಯ ಪಾಯಿಂಟ್ ಟೂಟೂ ರೈಫಲಿನಲ್ಲಿ ಇಡೀ ಕಾಲೇಜಿಗೆ ಮೊದಲಿಗ. ಮೈಸೂರಿನಲ್ಲಿ ಒಂದೇ ಕೋಣೆ ಹಂಚಿಕೊಂಡ ನಮಗೆ ಮೊದಲ ವರ್ಷ ಒಬ್ಬರ ಊಟ ಇನ್ನೊಬ್ಬರಿಗೆ ಸೇರುತ್ತಿರಲಿಲ್ಲ. 1968ರ ರಜೆಯಲ್ಲಿ ಅವನ ಊರಿಗೆ ಬಂದಾಗ ಅಂಗಳದಲ್ಲಿ ಮಲಗಿಸಿದ್ದ ಕಡವೆಯೊಂದನ್ನು ನೋಡಿ, ಇದು ಶೌರ್ಯವಲ್ಲ, ಕ್ರೌರ್ಯ ಎಂದು ಅವನ ಮನೆಯವರೆದುರಿಗೇ ಹೇಳಿಬಿಟ್ಟೆ. ಅತಿಥಿಯಾಗಿ ಬಂದವನು ಆಡಬಾರದ ಮಾತು. ಅವನು ಎದುರಾಡಲಿಲ್ಲ, ನನ್ನನ್ನು ಬಸ್ಸಿಗೆ ಹತ್ತಿಸಿ ಹೋದ, ಆಮೇಲೆ ನಾಲ್ಕು ತಿಂಗಳು ಒಂದೇ ಕೋಣೆಯಲ್ಲಿದ್ದೂ ನಾವು ಮಾತನಾಡಲಿಲ್ಲ. ಆ ನಾಲ್ಕು ತಿಂಗಳು ಈಗ ನೆನೆದರೆ ನೋವಾಗುತ್ತದೆ. ಕೊನೆಗೆ ಮೌನ ಮುರಿದವನು ಅವನೇ: "ಬೇಟೆ ಬೇಡವೆಂದು ನೀನು ಹೇಳಬಹುದು. ಆದರೆ ಒಮ್ಮೆ ನನ್ನ ಜೊತೆ ಬಂದು, ನೋಡಿ, ಆಮೇಲೆ ಹೇಳು."

ಒಕ್ಕದ ಹಿರಿಯರಾದ ಪಟ್ಟೆದಾರರು ಮೂಲಪುರುಷ ಗುರುಕಾರೋಣನಿಗೆ ಎಡೆಯಿಟ್ಟು ಪ್ರಾರ್ಥಿಸಿ, ಒಬ್ಬೊಬ್ಬರನ್ನೇ ಕರೆದು ಕೋವಿಗಳನ್ನು ಕೈಗಿತ್ತರು. ಅವನ ಕೋವಿಯ ಸರದಿ ಬಂದಾಗ ಅವನ ಮಗಳನ್ನು ಕರೆದರು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟ ದಿನದಿಂದ ಬಂದ ವಿನಾಯಿತಿ ಇದು. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯಲ್ಲೂ ಕೊಡವರಿಗೆ ಮತ್ತು ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು ಉಳಿಯಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವಳು ಎರಡೂ ಕೈಗಳಿಂದ ಕೋವಿಯನ್ನು ಪಡೆದು ಕಣ್ಣಿಗೊತ್ತಿಕೊಂಡಳು. ಆ ಹಕ್ಕಿನ ಬಗ್ಗೆ ಮಾತೆತ್ತಿದವರಿಗೆಲ್ಲ ಅವಳ ತಂದೆ ಒಂದು ಪ್ರಶ್ನೆ ಕೇಳುತ್ತಿದ್ದ: ನಿನ್ನ ಕೋವಿಯನ್ನು ಕೊನೆಯ ಸಲ ಯಾವಾಗ ಒರೆಸಿದೆ?

ಊಟಕ್ಕೆ ಎಲ್ಲರಿಗೂ ಅಕ್ಕಿತರಿಯ ಉಂಡೆ ಕಡಂಬುಟ್ಟು, ಪಂದಿಕರಿ. ನನಗೆ ಎಂದಿನಂತೆ ಕಡಂಬುಟ್ಟಿನ ಜೊತೆ ಎಳೆಬಿದಿರಿನ ಕಣಿಲೆಯ ಬೈಂಬಳೆ ಕರಿ. ಪಂದಿಕರಿ ಈಗ ಸಾಕಿದ ಹಂದಿಯದು. ಕಾಡುಹಂದಿಯನ್ನು ಹೊಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ನಿಂತಿತು. ಈ ಮಾತನ್ನು ಎಲ್ಲ ಮನೆಗಳ ಬಗ್ಗೆ ಹೇಳಲಾರೆ, ಅವನ ಮನೆಯ ಬಗ್ಗೆ ಹೇಳಬಲ್ಲೆ. ಕಾಯ್ದೆ ಬಂದಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಕಣ್ಣು, ಕೈ, ಕಾಲು ಎಲ್ಲವೂ ಬೇಟೆಗೆ ಹದವಾಗಿದ್ದ ವಯಸ್ಸು. ಕಾನೂನು ಎಂದ ಮೇಲೆ ಕಾನೂನು ಎಂದು ಒಂದೇ ಮಾತಿನಲ್ಲಿ ನಿಲ್ಲಿಸಿದ. ನಾಗರಹೊಳೆಯಲ್ಲಿ ಕಳ್ಳಬೇಟೆಯ ವಿರುದ್ಧ ನಿಂತು ಸೆಣಸಿದ ವಲಯ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರೂ ಕೊಡವರೇ; ಅವರನ್ನು ಊರವರು ಬೈಯುತ್ತಿದ್ದ ಕಾಲದಲ್ಲಿ ಇವನು, ಆ ಮನುಷ್ಯ ನಾವು ಮಾಡಬೇಕಾದ ಕೆಲಸವನ್ನು ಒಬ್ಬನೇ ಮಾಡುತ್ತಿದ್ದಾನೆ ಎನ್ನುತ್ತಿದ್ದ. ಚಿಣ್ಣಪ್ಪನವರು ಈ ಫೆಬ್ರವರಿಯಲ್ಲಿ ತೀರಿಕೊಂಡ ಸುದ್ದಿ ಓದಿದಾಗ, ಅದನ್ನು ಹೇಳಿಕೊಳ್ಳಲು ಅವನಿಲ್ಲವಲ್ಲ ಎನ್ನಿಸಿತು.

ಬೇಟೆ ಬಿಟ್ಟವನು ಗುರಿಯನ್ನು ಬಿಡಲಿಲ್ಲ. ಹಬ್ಬದ ಮಧ್ಯಾಹ್ನ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಸ್ಪರ್ಧೆಗೆ ಐವತ್ತು ವರ್ಷ ತಪ್ಪದೆ ನಿಂತ. ಗೆದ್ದದ್ದಕ್ಕಿಂತ ಕಲಿಸಿದ್ದು ಹೆಚ್ಚು. ಉಸಿರನ್ನು ಅರ್ಧ ಬಿಟ್ಟು ಅಲ್ಲಿಯೇ ಹಿಡಿ. ಕಾಯಿ ಮಸುಕಾಗಿ ಕಂಡರೂ ಚಿಂತೆಯಿಲ್ಲ, ನಳಿಕೆಯ ತುದಿಯ ಮಣಿ ಸ್ಪಷ್ಟವಾಗಿ ಕಾಣಲಿ. ಬೆರಳಿನಿಂದ ಎಳೆಯಬೇಡ, ಒತ್ತು. ಗುಂಡು ಹೋದದ್ದು ನಿನಗೇ ಆಶ್ಚರ್ಯವಾಗಬೇಕು. ಪ್ರತಿ ಗುಂಡಿನ ಬಳಿಕ ಅವನು ಒಂದು ಮಾತು ಹೇಳಿಯೇ ಹೇಳುತ್ತಿದ್ದ, "ಬಲಕ್ಕೆ ಹೋಯಿತು," "ಉಸಿರು ಬಿಟ್ಟೆ," ಅಥವಾ ಬಹಳ ಅಪರೂಪಕ್ಕೆ, "ಸರಿ."

ಇಂದು ಮಗಳು ಎರಡು ಸಲ ತಪ್ಪಿ, ಮೂರನೆಯದಕ್ಕೆ ಕಾಯಿ ಒಡೆದಳು. ನೀರು ಚಿಮ್ಮಿ ಬಿದ್ದಾಗ ಎಲ್ಲರೂ ಕೂಗಿದರು. ಅವಳು ಮಾತ್ರ ಕೋವಿ ಇಳಿಸಿ, ಅವಳ ಎಡಗಡೆ ಸ್ವಲ್ಪ ಹಿಂದಕ್ಕೆ, ಅವನು ಯಾವಾಗಲೂ ನಿಲ್ಲುತ್ತಿದ್ದ ಜಾಗವನ್ನು ಒಮ್ಮೆ ನೋಡಿದಳು. ಯುವಕರು ನನ್ನನ್ನೂ ಒಂದು ಗುಂಡು ಹೊಡೆಯಲು ಕರೆದರು. ಅವನು ಬದುಕಿದ್ದಾಗ ಮುಟ್ಟದ ಕೋವಿಯನ್ನು ಈಗ ಮುಟ್ಟುವುದು ಸರಿಯಲ್ಲವೆಂದು ಕೈಮುಗಿದೆ.

ಮೂರನೆಯ ದಿನ: ಸೆಪ್ಟೆಂಬರ್ 4, ಬುಧವಾರ

ಬೆಳಿಗ್ಗೆ ಅವನ ಹಳೆಯ ಬೇಟೆಯ ಸಂಗಾತಿ, ಜೇನುಕುರುಬರ ಹಿರಿಯರೊಬ್ಬರು, ಅಂಗಳಕ್ಕೆ ಬಂದು ಕೂತರು. ನನಗಿಂತ ವಯಸ್ಸಾದವರು, ಎಷ್ಟೆಂದು ಅವರಿಗೂ ಗೊತ್ತಿಲ್ಲ. "ಸಾವ್ಕಾರ್ ಹಂದಿ ಬಿದ್ದ ಜಾಗಕ್ಕೆ ಹೋಗೋದಾ ಸಾರ್?" ಎಂದರು. ನಾನು ಬಂದದ್ದೇ ಅದಕ್ಕೆಂದು ಅವರಿಗೆ ಹೇಗೆ ತಿಳಿಯಿತೋ. ಜಿಗಣೆಗೆಂದು ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು ತೋಟದ ಮೇಲಿನ ಅಂಚಿಗೆ ಹತ್ತಿದೆವು.

ಅದು 1969ರ ಡಿಸೆಂಬರ್. ಬಂದು ನೋಡೆಂದು ಅವನು ಕರೆದ ಬೇಟೆ. ಗದ್ದೆಗೆ ನುಗ್ಗುತ್ತಿದ್ದ ಹಂದಿಗಳ ಹಿಂಡನ್ನು ಕಾಡಿನೊಳಗಿಂದ ಹಳು ಸೋವುವವರು ಕೂಗುತ್ತ ಹೊರಡಿಸಿದರು. ಕೋವಿಯವರು ಅಂಚಿನಲ್ಲಿ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ನಾನು ಅವನ ಹಿಂದೆ ಮರಕ್ಕೆ ಒರಗಿದ್ದೆ. ದೊಡ್ಡ ಒಂಟಿ ಹಂದಿಯೊಂದು ಹೊರಬಿದ್ದಾಗ ಅವನು ಹೊಡೆದ ಈಡು ಭುಜಕ್ಕೆ ತಾಗದೆ ಹಿಂದಕ್ಕೆ, ಹೊಟ್ಟೆಗೆ ತಾಗಿತು. ಹಂದಿ ಕಾಡಿಗೆ ಮರಳಿತು. ಉಳಿದವರಿಗೆ ಬೇರೆ ಎರಡು ಹಂದಿ ಬಿದ್ದಿದ್ದವು. ಪಾಲು ಹಂಚುವ ಗಡಿಬಿಡಿಯಲ್ಲಿ, ಹೋಗಲಿ ಬಿಡು, ಅದು ಹೇಗೂ ಸಾಯುತ್ತದೆ ಎಂದರು. ಅವನು ಉತ್ತರ ಕೊಡದೆ ಈ ಹಿರಿಯರನ್ನು ಕರೆದುಕೊಂಡು ನೆತ್ತರಿನ ಜಾಡು ಹಿಡಿದ.

ಕತ್ತಲಾಗುವವರೆಗೆ ನಡೆದೆವು. ಬೆರಳಿನಗಲದ ಒಂದು ಕಲೆ, ಮುಂದೆ ಇಪ್ಪತ್ತು ಮಾರು ಏನೂ ಇಲ್ಲ, ಮತ್ತೆ ಕೆಸುವಿನ ಎಲೆಯ ಅಡಿಯಲ್ಲಿ ಇನ್ನೊಂದು ಕಲೆ. ಅದು ಎಲೆಯ ಕೆಳಮೈಗೆ ಅಂಟಿದ್ದರೆ ಪ್ರಾಣಿಯ ಹೊಟ್ಟೆ ಆ ಎತ್ತರದಲ್ಲಿದೆ, ಇನ್ನೂ ನಡೆಯುತ್ತಿದೆ ಎಂದರ್ಥ. ಮಣ್ಣಿನ ಮೇಲೆ ಅಗಲವಾಗಿದ್ದರೆ ಮಲಗಿ ಎದ್ದಿದೆ. ರಾತ್ರಿ ಮನೆಗೆ ಬಂದವನು ಊಟ ಮಾಡಲಿಲ್ಲ. ಮರುದಿನ ಬೆಳಕು ಹರಿಯುವ ಮೊದಲೇ ಎದ್ದು, ತೊರೆ ದಾಟಿದಲ್ಲಿ ಕಳೆದುಹೋಗಿದ್ದ ಜಾಡನ್ನು ಎರಡು ಗಂಟೆ ಹುಡುಕಿ, ಮಧ್ಯಾಹ್ನ ಬಿದಿರಿನ ಮೆಳೆಯಡಿಯಲ್ಲಿ ಅದನ್ನು ಕಂಡೆವು. ಬದುಕಿತ್ತು. ನಮ್ಮ ಕಡೆಗೇ ಮುಖ ಮಾಡಿ ಏಳಲು ಹವಣಿಸಿತು. ಅವನು ಹತ್ತಿರ ಹೋಗಿ ಇನ್ನೊಂದು ಈಡು ಹೊಡೆದ, ಕೋವಿಯನ್ನು ಮರಕ್ಕೆ ಒರಗಿಸಿದ, ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತುಬಿಟ್ಟ. ಅವನ ಪಾಲನ್ನು ಅವನು ತೆಗೆದುಕೊಳ್ಳಲಿಲ್ಲ. "ನಿನ್ನೆ ಮುಗಿಸಬೇಕಾದದ್ದನ್ನು ಇವತ್ತಿನವರೆಗೆ ಎಳೆದೆ" ಎಂದ. ನಾನು 1968ರಲ್ಲಿ ಆಡಿದ್ದ ಮಾತಿಗೆ ಅದಕ್ಕಿಂತ ಬೇರೆ ಉತ್ತರ ಬೇಕಾಗಿರಲಿಲ್ಲ. ಬೇಟೆ ಸರಿಯೆಂದು ನನಗೆ ಆಗಲೂ ಅನ್ನಿಸಲಿಲ್ಲ, ಇಂದಿಗೂ ಅನ್ನಿಸುವುದಿಲ್ಲ. ಆದರೆ ಅವನನ್ನು ಕ್ರೂರಿ ಎಂದದ್ದು ತಪ್ಪಾಗಿತ್ತು.

ಈಗ ಆ ಜಾಗದಲ್ಲಿ ಬಿದಿರಿಲ್ಲ, ಲಂಟಾನ ಮುಚ್ಚಿಕೊಂಡಿದೆ. ಹಿರಿಯರು ಕೋಲಿನಿಂದ ಬಳ್ಳಿ ಸರಿಸಿ ಒಂದು ಕಲ್ಲು ತೋರಿಸಿದರು. "ಇಲ್ಲೇ. ಸಾವ್ಕಾರ್ ಇಲ್ಲೇ ಕೂತಿದ್ದು." ನೆಲದಲ್ಲಿ ಆನೆಯ ಹೆಜ್ಜೆಯೊಂದು ನೀರು ತುಂಬಿಕೊಂಡಿತ್ತು; ಹಿಂದಿನ ರಾತ್ರಿಯದೆಂದು ಅವರು ಬಗ್ಗಿ ನೋಡಿ ಹೇಳಿದರು.

ಮಧ್ಯಾಹ್ನದ ಮೇಲೆ ಮಗಳು ನನ್ನನ್ನು ಇರ್ಪುವಿಗೆ ಕರೆದೊಯ್ದಳು. ಶ್ರೀಮಂಗಲ ದಾಟಿ, ಬ್ರಹ್ಮಗಿರಿಯ ಬುಡದಲ್ಲಿ ರಾಮೇಶ್ವರನ ಗುಡಿ, ಅದರ ಹಿಂದೆ ಕಾಡಿನೊಳಗೆ ಜಲಪಾತ. ಬಾಯಾರಿದ ರಾಮನಿಗೆ ನೀರು ತರಲು ಲಕ್ಷ್ಮಣ ಬೆಟ್ಟಕ್ಕೆ ಬಾಣ ಹೂಡಿದನೆಂದೂ ಅಲ್ಲಿ ಚಿಮ್ಮಿದ್ದೇ ಲಕ್ಷ್ಮಣತೀರ್ಥ ನದಿಯೆಂದೂ ಸ್ಥಳದ ಕಥೆ. ಬಾಣದ ಕಥೆಗಳಲ್ಲಿ ಅವನಿಗೆ ಬಹಳ ಇಷ್ಟವಾದದ್ದು ಇದು. ಮಳೆಗಾಲದ ಕೊನೆಯಾದ್ದರಿಂದ ನೀರು ಅಬ್ಬರಿಸುತ್ತಿತ್ತು. ಮಾತು ಕೇಳಬೇಕಾದರೆ ಗುಡಿಯವರೆಗೆ ಇಳಿದು ಬರಬೇಕಾಯಿತು. ಅಲ್ಲಿ ಮೆಟ್ಟಿಲ ಮೇಲೆ ಕುಳಿತಾಗ, ಹತ್ತು ತಿಂಗಳು ಹೊತ್ತು ತಿರುಗಿದ ಪ್ರಶ್ನೆಯನ್ನು ಕೇಳಿದೆ. ಅಂದು ಗುಂಡು ಹೊಡೆದವರು ಯಾರಮ್ಮ?

"ನಾನೇ ಅಂಕಲ್."

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮುಂದುವರಿಸಿದಳು. ಎರಡು ತೋಟಾಗಳನ್ನು ಅವನು ಬಹಳ ಹಿಂದೆಯೇ ಬೇರೆಯಾಗಿ ತೆಗೆದಿಟ್ಟು, ಇವು ನನಗೆ, ನನ್ನ ಕೋವಿಯಿಂದಲೇ, ನೀನೇ ಹೊಡೆಯಬೇಕು ಎಂದಿದ್ದನಂತೆ. ನೆರೆಮನೆಯ ಗಂಡಸರು ಬರುವವರೆಗೆ ಕಾಯೋಣವೆಂದು ತಾಯಿ ಹೇಳಿದರೂ ಅವಳು ಅಂಗಳಕ್ಕೆ ಹೋದಳು.

"ಮೊದಲನೆಯದು ಹೊಡೆದೆ. ಕೂಡಲೇ ಇನ್ನೊಂದು ಹೊಡೆಯಬೇಕು, ಗೊತ್ತಿತ್ತು. ಆದರೆ ಅಭ್ಯಾಸ ನೋಡಿ ಅಂಕಲ್. ಹೊಡೆದ ಮೇಲೆ ಅಪ್ಪ ಏನೋ ಹೇಳುತ್ತಾರಲ್ಲ, ಅದಕ್ಕೆ ಕಾಯ್ತಾ ನಿಂತುಬಿಟ್ಟೆ."

ನಾವು ಕತ್ತಲಾಗುವ ಮುನ್ನ ಮನೆಗೆ ಮರಳಿದೆವು. ದಾರಿಯಲ್ಲಿ ಇಬ್ಬರೂ ಹೆಚ್ಚು ಮಾತನಾಡಲಿಲ್ಲ.

ನಾಲ್ಕನೆಯ ದಿನ: ಸೆಪ್ಟೆಂಬರ್ 5, ಗುರುವಾರ

ಹೊರಡುವ ಮುನ್ನ ಹಿರಿಯರ ಗುಡಿಯಾದ ಕೈಮಡದ ಎದುರು ನಿಂತು ಕೈಮುಗಿದು ಬಂದೆ. ಅತ್ತಿಗೆ ಒಂದು ಚೀಲದಲ್ಲಿ ಕಾಳುಮೆಣಸು, ಇನ್ನೊಂದರಲ್ಲಿ ಕಿತ್ತಳೆಯ ಸಸಿ ಕೊಟ್ಟರು. "ಪುತ್ತರಿಗೂ ಬನ್ನಿ ಅಣ್ಣಾ. ಕದಿರು ಕೊಯ್ಯುವಾಗ ಗುಂಡು ಹೊಡೆಯುವುದನ್ನು ನೀವು ಒಂದು ವರ್ಷವೂ ತಪ್ಪಿಸಿದವರಲ್ಲ, ಕಳೆದ ವರ್ಷ ಬಿಟ್ಟು" ಎಂದರು. ಬರುತ್ತೇನೆಂದೆ.

ಮರಳುವಾಗ ಕುಟ್ಟದಿಂದ ನಾಗರಹೊಳೆಯೊಳಗಿನ ದಾರಿ ಹಿಡಿಯಲು ಚಾಲಕನಿಗೆ ಹೇಳಿದೆ. ನಾಣಚ್ಚಿಯ ಗೇಟಿನಲ್ಲಿ ವಾಹನದ ಸಂಖ್ಯೆ, ಹೊತ್ತು ಬರೆದುಕೊಂಡು ಒಳಗೆ ಬಿಟ್ಟರು. ಎಲ್ಲಿಯೂ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ನನ್ನನ್ನು ಮೈಸೂರಿಗೆ ಬಿಡಲು ಬಂದಾಗಲೆಲ್ಲ ಅವನು ಈ ದಾರಿಯಲ್ಲೇ ಬರುತ್ತಿದ್ದ. ಕಂಡ ಪ್ರಾಣಿಗಳನ್ನು ಬಾಯಿಬಿಡದೆ ಬೆರಳಲ್ಲಿ ಎಣಿಸಿಕೊಂಡು, ಹುಣಸೂರಿನಲ್ಲಿ ಕಾಫಿ ಕುಡಿಯುವಾಗ ನನ್ನ ಲೆಕ್ಕದ ಜೊತೆ ಹೋಲಿಸುತ್ತಿದ್ದ. ಒಮ್ಮೆಯೂ ನನ್ನ ಲೆಕ್ಕ ಅವನದಕ್ಕೆ ಸಮವಾಗಲಿಲ್ಲ. ಮರದ ನೆರಳಿನಲ್ಲಿ ಕಿವಿ ಮಾತ್ರ ಅಲುಗಿಸಿ ನಿಂತದ್ದು ನನಗೆ ಕಾಣುತ್ತಿರಲಿಲ್ಲ.

ವೀರನಹೊಸಹಳ್ಳಿಯ ಗೇಟು ದಾಟಿ, ಹುಣಸೂರಿನಲ್ಲಿ ಅದೇ ಹೋಟೆಲಿನ ಅದೇ ಮೇಜಿಗೆ ಕುಳಿತು, ಕಾಫಿ ಬರುವ ಮೊದಲು ಅವನ ಮಗಳಿಗೆ ದೂರವಾಣಿ ಮಾಡಿದೆ. ಹದಿನೇಳು ಜಿಂಕೆ, ಮೂರು ಕಾಟಿ, ಒಂದು ಕಡವೆ ಎಂದೆ.

"ಕಡವೆ ಗಂಡೋ ಹೆಣ್ಣೋ ಅಂಕಲ್?"

ಗಂಡು ಎಂದೆ. ಕೊಂಬಿನ ಮೇಲೆ ತೊಗಲು ಇನ್ನೂ ಇತ್ತೇ, ಉದುರಿತ್ತೇ ಎಂದು ಅವಳು ಕೇಳಿದಳು. ನಾನು ಅದನ್ನು ನೋಡಿರಲಿಲ್ಲ.